ಕಾರೈಯಿಂದ ಕಲ್ಲಮೇಡಿನವರೆಗೆ: ಅರಿಯಲೂರು ಸೀಮೆಯ ಕಡಲಶಿಲೆಗಳನ್ನು ಓದುವ ಬಗೆ

ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲೆ ನಿಂತವರ ಕಾಲಡಿಯಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯ ಪಟ್ಟೆಶಿಲೆ. ಅದರಲ್ಲಿ ಎಷ್ಟು ಹುಡುಕಿದರೂ ಚಿಪ್ಪಾಗಲಿ ಎಲುಬಾಗಲಿ ಸಿಗದು. ಕರ್ನಾಟಕದ ದಕ್ಷಿಣಾರ್ಧದ ಬಹುಭಾಗ ಇಂಥ ಪುರಾತನ ಶಿಲೆಯೇ ಆಗಿರುವುದರಿಂದ, ಡೈನೊಸಾರ್‌ಗಳ ಕಾಲದ ಕಡಲತಳದ ಕೆಸರು ಕಲ್ಲಾಗಿ ನಿಂತಿರುವುದನ್ನು ಕಣ್ಣಾರೆ ಕಾಣಬಯಸುವವರು ಸೇಲಂ, ಆತ್ತೂರು ದಾಟಿ ತಮಿಳುನಾಡಿನ ಪೆರಂಬಲೂರು, ಅರಿಯಲೂರು ಮತ್ತು ತಿರುಚ್ಚಿ ಜಿಲ್ಲೆಗಳ ಕಡೆಗೆ ಪಯಣಿಸಬೇಕು. ಅಲ್ಲಿನ ಹೊಲ, ಕೊರಕಲು ಮತ್ತು ಸುಣ್ಣಕಲ್ಲಿನ ಗಣಿಗಳಲ್ಲಿ ಕ್ರಿಟೇಶಿಯಸ್ ಯುಗದ ಪದರಗಳು ಬಯಲಾಗಿವೆ. ಅವುಗಳನ್ನು ಎರಡು ದಿನಗಳಲ್ಲಿ ಕ್ರಮವಾಗಿ ನೋಡುವುದು ಹೇಗೆ, ಕಂಡದ್ದನ್ನು ಗುರುತಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೊರಡುವ ಮುನ್ನ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಬೇಕು. ಇಲ್ಲಿನ ಪದರಗಳು ಮಟ್ಟಸವಾಗಿಲ್ಲ. ಒಟ್ಟಾರೆಯಾಗಿ ಪೂರ್ವದ ಕಡೆಗೆ, ಅಂದರೆ ಇಂದಿನ ಕಡಲಿನ ಕಡೆಗೆ, ಮೆಲ್ಲಗೆ ವಾಲಿಕೊಂಡಿವೆ. ಓರೆಯಾಗಿ ಒರಗಿಸಿಟ್ಟ ಪುಸ್ತಕಗಳ ಸಾಲಿನಂತೆ ಹಳೆಯ ಪದರಗಳ ಅಂಚು ಪಶ್ಚಿಮದಲ್ಲಿಯೂ ಹೊಸ ಪದರಗಳ ಅಂಚು ಪೂರ್ವದಲ್ಲಿಯೂ ನೆಲದ ಮೇಲೆ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಪಶ್ಚಿಮದಿಂದ ಪೂರ್ವಕ್ಕೆ ಸಾಗಿದರೆ ಕಾಲದಲ್ಲಿ ಮುಂದಕ್ಕೆ ಸಾಗಿದಂತೆ. ಮೊದಲು ಊಟ್ಟತ್ತೂರು ಗುಂಪು, ಬಳಿಕ ತಿರುಚ್ಚಿ ಗುಂಪು, ಕೊನೆಗೆ ಅರಿಯಲೂರು ಗುಂಪು: ಭೂವಿಜ್ಞಾನಿ ಹೆನ್ರಿ ಬ್ಲಾನ್‌ಫರ್ಡ್ 1862ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮಾಡಿದ ಈ ವಿಂಗಡಣೆಯೇ, ಎಷ್ಟೋ ತಿದ್ದುಪಡಿಗಳಾದರೂ, ಇಂದಿಗೂ ಆಧಾರವಾಗಿದೆ. ಈ ದಿಕ್ಕನ್ನು ಮರೆತು, ಯಾರೋ ಹೇಳಿದ ಹಳ್ಳಿಯಿಂದ ಹಳ್ಳಿಗೆ ಓಡಾಡಿದವರಿಗೆ ಕೈತುಂಬ ಕಲ್ಲುಗಳು ಸಿಕ್ಕಾವು, ಆದರೆ ಯಾವುದರ ಕೆಳಗೆ ಯಾವುದಿತ್ತು ಎಂಬುದು ತಿಳಿಯದು. ಪದರ ಗೊತ್ತಿಲ್ಲದ ಪಳೆಯುಳಿಕೆ ಬರಿಯ ಅಲಂಕಾರದ ಕಲ್ಲು.

ಜತೆಗೆ ಒಯ್ಯಬೇಕಾದದ್ದು ಹೆಚ್ಚೇನಿಲ್ಲ: ಹತ್ತರಷ್ಟು ಹಿಗ್ಗಿಸುವ ಭೂತಗನ್ನಡಿ, ದಿಕ್ಸೂಚಿ, ಚಾಕು, ಅಳತೆಪಟ್ಟಿ, ಟಿಪ್ಪಣಿ ಪುಸ್ತಕ, ಒಂದು ಸಣ್ಣ ಬಾಟಲಿಯಲ್ಲಿ ನಿಂಬೆರಸ ಮತ್ತು ಧಾರಾಳವಾಗಿ ಕುಡಿಯುವ ನೀರು. ಸುತ್ತಿಗೆಯನ್ನು ಮನೆಯಲ್ಲಿಯೇ ಬಿಟ್ಟರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿನ ಮೃದು ಶಿಲೆಗಳಿಂದ ಪಳೆಯುಳಿಕೆಗಳನ್ನು ಬಿಡಿಸುವ ಕೆಲಸವನ್ನು ಮಳೆಯೇ ಮಾಡಿರುತ್ತದೆ, ಅನನುಭವಿಯ ಪೆಟ್ಟಿನಿಂದ ಒಡೆಯುವುದು ಹೆಚ್ಚು. ಈ ಭಾಗಕ್ಕೆ ಈಶಾನ್ಯದ ಹಿಂಗಾರು ಮುಖ್ಯವಾದುದರಿಂದ ನವೆಂಬರ್‌ನಲ್ಲಿ ಜೇಡಿಮಣ್ಣಿನ ಇಳಿಜಾರುಗಳಲ್ಲಿ ಕಾಲು ನಿಲ್ಲುವುದಿಲ್ಲ, ಏಪ್ರಿಲ್ ಬಳಿಕ ಬಿಸಿಲು ತಡೆಯಲಾಗದು. ಮಳೆ ಹೊಸದಾಗಿ ತೊಳೆದು ನೆಲ ಒಣಗಿರುವ ಜನವರಿ, ಫೆಬ್ರುವರಿ ತಿಂಗಳುಗಳೇ ಸೂಕ್ತ.

ಮೊದಲ ದಿನವನ್ನು ಪೆರಂಬಲೂರು ಜಿಲ್ಲೆಯ, ಊಟ್ಟತ್ತೂರು ಗುಂಪಿಗೆ ಸೇರಿದ ಕಾರೈ ಕೊರಕಲುಗಳಿಗೆ ಮೀಸಲಿಡಬೇಕು. ಗಿಡಮರಗಳಿಲ್ಲದ, ಕೆಂಪು ಮತ್ತು ಹಳದಿ ಬಣ್ಣದ ಜೇಡಿಮಣ್ಣಿನ ದಿಬ್ಬಗಳನ್ನು ಮಳೆನೀರು ಸಾವಿರ ಸೀಳುಗಳಾಗಿ ಕೊರೆದಿರುವ ಈ ನೆಲ, ಭಾರತವು ಅಂಟಾರ್ಕ್ಟಿಕಾದಿಂದ ಬೇರ್ಪಟ್ಟ ಬಳಿಕ ಕುಸಿದ ತಗ್ಗಿನೊಳಗೆ ನುಗ್ಗಿದ ಕಡಲಿನ ತಳವಾಗಿತ್ತು. ಸುಮಾರು 10 ಕೋಟಿ ವರ್ಷಗಳ ಹಿಂದೆ ಜಗತ್ತಿನಾದ್ಯಂತ ಸಮುದ್ರಮಟ್ಟ ತೀರ ಮೇಲಿದ್ದ ಕಾಲ ಅದು. ದಡದಿಂದ ದೂರದ ನಿಶ್ಚಲ ನೀರಿನಲ್ಲಿ ನಯವಾದ ಕೆಸರು ನಿಧಾನವಾಗಿ ಇಳಿದು ಕೂಡಿಕೊಂಡಿತು. ಮೊದಲು ಮಾಡಬೇಕಾದದ್ದು ಮಣ್ಣಿನ ಪರೀಕ್ಷೆ: ಚಿಟಿಕೆ ಮಣ್ಣನ್ನು ನೀರು ಬೆರೆಸಿ ಬೆರಳುಗಳ ನಡುವೆ ಉಜ್ಜಿದಾಗ ಮರಳು ಸಿಕ್ಕದೆ ಬೆಣ್ಣೆಯಂತೆ ಜಾರಿದರೆ ಅದು ಶಾಂತವಾದ ನೀರಿನಲ್ಲಿ ಕೂಡಿದ ಕೆಸರೆಂದು ತಿಳಿಯಬೇಕು. ನಡುನಡುವೆ ಮರಳುಗಲ್ಲಿನ ತೆಳುಪಟ್ಟಿಗಳು ಕಂಡರೆ, ಪ್ರವಾಹವೊಂದು ಕೆಲಕಾಲ ಬಿರುಸಾಗಿ ಹರಿದು ಮರಳನ್ನು ಅಲ್ಲಿಯವರೆಗೂ ತಂದಿತ್ತೆಂದು ಬರೆದುಕೊಳ್ಳಬಹುದು.

ಕಾರೈಯಲ್ಲಿ ಹೊಸಬರು ಮೊದಲು ಮೋಸಹೋಗುವುದು ಜಿಪ್ಸಮ್‌ನಿಂದ. ದಿಬ್ಬಗಳ ಮೇಲೆಲ್ಲ ಬಿಸಿಲಿಗೆ ಹೊಳೆಯುತ್ತ ಬಿದ್ದಿರುವ, ಎಳೆ ಎಳೆಯಾಗಿ ಸೀಳುವ ಬಿಳಿಯ ಚೂರುಗಳನ್ನು ಕಂಡು ಎಲುಬೆಂದೋ ಹಲ್ಲೆಂದೋ ಸಂಭ್ರಮಿಸಿದವರಿದ್ದಾರೆ. ಉಗುರಿನಿಂದ ಗೀರಿದರೆ ಜಿಪ್ಸಮ್ ಮೇಲೆ ಗೆರೆ ಮೂಡುತ್ತದೆ; ನಿಂಬೆರಸಕ್ಕೆ ಅದು ನೊರೆಗಟ್ಟುವುದಿಲ್ಲ. ಅದರ ಪಕ್ಕದಲ್ಲಿಯೇ ಸಿಗುವ, ಪೆನ್ಸಿಲ್‌ನ ತುಂಡಿನಂತೆ ದುಂಡಾಗಿ, ಕಂದು ಬಣ್ಣದಲ್ಲಿ, ಒಂದು ತುದಿಯಲ್ಲಿ ಚೂಪಾಗಿರುವ ಕಲ್ಲು ಬೆಲೆಮ್ನೈಟ್. ಇದು ಇಂದಿನ ಕಪ್ಪೆಬೊಂಡಾಸ್ ಬಳಗಕ್ಕೆ ಸೇರಿದ, ಈಗ ಅಳಿದುಹೋಗಿರುವ ಪ್ರಾಣಿಯ ದೇಹದೊಳಗಿನ ಗಟ್ಟಿಭಾಗ. ಉಗುರಿಗೆ ಅದು ಬಗ್ಗದು, ಚಾಕುವಿಗೆ ಬಗ್ಗುತ್ತದೆ. ಗೀರಿದಾಗ ಉದುರುವ ಪುಡಿಯ ಮೇಲೆ ನಿಂಬೆರಸ ಬಿಟ್ಟರೆ ಸಣ್ಣಗೆ ಗುಳ್ಳೆಯೇಳುತ್ತದೆ. ಮುರಿದ ಅಡ್ಡಕೊಯ್ತವನ್ನು ಭೂತಗನ್ನಡಿಯಲ್ಲಿ ನೋಡಿದರೆ ನಡುವಿನಿಂದ ಅಂಚಿಗೆ ಗಾಲಿಯ ಕಡ್ಡಿಗಳಂತೆ ಹರಡಿದ ಎಳೆಗಳು ಕಾಣುತ್ತವೆ, ಮತ್ತು ಒಮ್ಮೆ ಅದನ್ನು ಕಂಡ ಕಣ್ಣು ಮುಂದೆಂದೂ ತಪ್ಪುವುದಿಲ್ಲ.

ಸುರುಳಿ ಚಿಪ್ಪಿನ, ಈಗ ಅಳಿದುಹೋಗಿರುವ ಕಡಲಪ್ರಾಣಿ ಅಮೊನೈಟನ್ನು ಕನ್ನಡಿಗರಿಗೆ ಹೆಚ್ಚು ಪರಿಚಯಿಸಬೇಕಾಗಿಲ್ಲ. ನೇಪಾಳದ ಗಂಡಕಿ ನದಿಯಿಂದ ಬಂದು ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಕುಳಿತಿರುವ ಸಾಲಿಗ್ರಾಮದೊಳಗಿನ ಚಕ್ರ ಅದೇ ಪ್ರಾಣಿಯದು, ಇಲ್ಲಿಯವುಗಳಿಗಿಂತ ಹಳೆಯದು ಅಷ್ಟೆ. ಕಾರೈಯಲ್ಲಿ ಇಡಿಯಾದ ಸುರುಳಿಗಿಂತ ತುಂಡುಗಳೇ ಹೆಚ್ಚು ಸಿಗುತ್ತವೆ. ಬಾಗಿದ, ಏಣುಗಳುಳ್ಳ ತುಂಡಿನ ಮೇಲ್ಮೈಯಲ್ಲಿ ಜರೀಗಿಡದ ಎಲೆಯಂತೆ ಕವಲೊಡೆದ ಗೆರೆಗಳಿವೆಯೇ ಎಂದು ಹುಡುಕಬೇಕು. ಚಿಪ್ಪಿನೊಳಗಿನ ಕೋಣೆಗಳ ಗೋಡೆಗಳು ಹೊರಚಿಪ್ಪಿಗೆ ಕೂಡಿಕೊಂಡ ಗುರುತು ಅದು. ಅಮೊನೈಟ್‌ಗಳ ಜಾತಿಗಳು ಬೇಗಬೇಗ ಹುಟ್ಟಿ ಅಳಿದದ್ದರಿಂದ, ಯಾವ ಜಾತಿ ಸಿಕ್ಕಿತೆಂಬುದೇ ಪದರದ ವಯಸ್ಸನ್ನು ಹೇಳುತ್ತದೆ. ಈ ಸೀಮೆಯ ಅಮೊನೈಟ್‌ಗಳನ್ನು ಪಳೆಯುಳಿಕೆ ತಜ್ಞ ಫರ್ಡಿನೆಂಡ್ ಸ್ಟೋಲಿಚ್ಕಾ 1860ರ ದಶಕದಲ್ಲಿಯೇ ಚಿತ್ರಗಳ ಸಮೇತ ವರ್ಣಿಸಿದ್ದರಿಂದ, ದೂರದೇಶಗಳ ಪದರಗಳೊಡನೆ ಇವನ್ನು ಹೋಲಿಸುವುದು ಅಷ್ಟು ಮುಂಚೆಯೇ ಸಾಧ್ಯವಾಯಿತು.

ಗುಂಡಗಿನ ಕಲ್ಲುಗಳ ಬಗ್ಗೆ ಎಚ್ಚರವಿರಲಿ. 2020ರಲ್ಲಿ ಪೆರಂಬಲೂರು ಜಿಲ್ಲೆಯ ಕುನ್ನಂ ಬಳಿ ಮಣ್ಣು ತೆಗೆಯುವಾಗ ದೊಡ್ಡ ಉಂಡೆಗಳು ಕಾಣಿಸಿ, ಡೈನೊಸಾರ್ ಮೊಟ್ಟೆಗಳೆಂಬ ಸುದ್ದಿ ಹಬ್ಬಿತು. ಪರಿಶೀಲಿಸಿದ ತಜ್ಞರು ಮೊಟ್ಟೆಯಲ್ಲವೆಂದರು. ಕೆಸರಿನಲ್ಲಿ ಹೂತ ಚಿಪ್ಪಿನಂಥ ವಸ್ತುವಿನ ಸುತ್ತ ಖನಿಜವು ಪದರಪದರವಾಗಿ ಕಟ್ಟಿಕೊಂಡು ಇಂಥ ಉಂಡೆಗಳು ಬೆಳೆಯುತ್ತವೆ. ಮೊಟ್ಟೆಯಾಗಿದ್ದರೆ ಹೊರಗೆ ಕೆಲವೇ ಮಿಲಿಮೀಟರ್ ದಪ್ಪದ, ಒಳಗಿನ ಕಲ್ಲಿನಿಂದ ಸ್ಪಷ್ಟವಾಗಿ ಬೇರೆಯಾದ, ಸಣ್ಣ ರಂಧ್ರಗಳುಳ್ಳ ಕವಚ ಇರಲೇಬೇಕು.

ಕಾರೈಯಿಂದ ಪೂರ್ವಕ್ಕೆ ಬಂದರೆ ತಿರುಚ್ಚಿ ಗುಂಪಿನ ಮರಳುಗಲ್ಲು ಮತ್ತು ಚಿಪ್ಪುಗಲ್ಲು ಶುರುವಾಗುತ್ತದೆ. ಕಡಲು ಆಳ ಕಳೆದುಕೊಂಡಿತ್ತು. ಗರುಡಮಂಗಲದ ಸುಣ್ಣಕಲ್ಲಿನಲ್ಲಿ ಶಂಖಗಳೂ ಇಬ್ಬದಿಯ ಚಿಪ್ಪುಗಳೂ ಕಿಕ್ಕಿರಿದಿರುವುದರಿಂದ ಅದನ್ನು ಉಜ್ಜಿ ಹೊಳಪು ಕೊಟ್ಟು ‘ತಿರುಚ್ಚಿ ಮಾರ್ಬಲ್’ ಎಂಬ ಹೆಸರಿನಲ್ಲಿ ಅಲಂಕಾರಕ್ಕೆ ಬಳಸಿದ್ದುಂಟು, ಅದು ನಿಜವಾದ ಅಮೃತಶಿಲೆಯಲ್ಲದಿದ್ದರೂ. ಸಾತ್ತನೂರಿನಲ್ಲಿ ಬೇಲಿಯೊಳಗೆ ಮಲಗಿರುವ 18 ಮೀಟರ್ ಉದ್ದದ ಕಲ್ಲುಮರವನ್ನೂ ಅದೇ ದಿನ ನೋಡಬಹುದು. ನದಿಯೊಂದು ಕಡಲಿಗೆ ಹೊತ್ತುತಂದ ಮರ ಕೆಸರಿನಲ್ಲಿ ಹೂತು ಕಲ್ಲಾದದ್ದಿದು. 1940ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಎಂ. ಎಸ್. ಕೃಷ್ಣನ್ ಇದನ್ನು ವರದಿ ಮಾಡಿದರು. ಲಾಲ್‌ಬಾಗ್ ಬಂಡೆಯಂತೆ ಇದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದುದರಿಂದ ಚೂರನ್ನೂ ಮುಟ್ಟಬಾರದು.

ಎರಡನೆಯ ದಿನ ಅರಿಯಲೂರು ಗುಂಪಿನದು. ಕಲ್ಲಂಕುರಿಚ್ಚಿ ಸುಣ್ಣಕಲ್ಲಿನ ಗಣಿಗಳು ಸಿಮೆಂಟ್ ಕಾರ್ಖಾನೆಗಳಿಗೆ ಸೇರಿದವು. ಮುಂಚಿತವಾಗಿ ಲಿಖಿತ ಅನುಮತಿ ಪಡೆಯದೆ, ತಲೆಗೆ ಹೆಲ್ಮೆಟ್ ಇಲ್ಲದೆ ಒಳಗೆ ಕಾಲಿಡಬಾರದು. ಅನುಮತಿ ಸಿಕ್ಕರೆ ಅದೃಷ್ಟವೇ ಸರಿ, ಏಕೆಂದರೆ ಗಣಿಯ ಗೋಡೆಯಲ್ಲಿ ಗ್ರೈಫಿಯ ಎಂಬ ಉಬ್ಬುಚಿಪ್ಪಿನ ಸಿಂಪಿಗಳು ಸಾಲುಸಾಲಾಗಿ, ದಿಣ್ಣೆಗಟ್ಟಿ ಕುಳಿತಿರುತ್ತವೆ. ಇಲ್ಲಿ ಕಲಿಯಬೇಕಾದ ವಿದ್ಯೆಯೆಂದರೆ ಚಿಪ್ಪುಗಳ ಮಲಗುವ ಭಂಗಿಯನ್ನು ಎಣಿಸುವುದು. ಬಿಡಿಯಾದ ಚಿಪ್ಪನ್ನು ಪ್ರವಾಹ ಉರುಳಿಸಿದರೆ ಅದು ಬೋರಲು ಹಾಕಿದ ಬಟ್ಟಲಿನಂತೆ, ಉಬ್ಬು ಮೇಲಾಗಿ ನಿಲ್ಲುತ್ತದೆ. ಎರಡು ಹೋಳುಗಳೂ ಕೂಡಿಕೊಂಡು, ದಪ್ಪ ಹೋಳು ಕೆಳಗಾಗಿ ಕುಳಿತಿದ್ದರೆ ಸಿಂಪಿ ಬದುಕಿದ್ದ ಜಾಗದಲ್ಲಿಯೇ ಹೂತುಹೋಗಿರುವ ಸಂಭವ ಹೆಚ್ಚು. ಒಂದು ಮೀಟರ್ ಅಗಲದ ಗೋಡೆಯಲ್ಲಿ ಯಾವ ಭಂಗಿಯವು ಎಷ್ಟೆಂದು ಎಣಿಸಿ ಬರೆದರೆ, ಅಂದಿನ ನೀರಿನ ಬಿರುಸು ಎಷ್ಟಿತ್ತೆಂಬ ಅಂದಾಜು ಆ ಪುಟದಲ್ಲಿಯೇ ಸಿಗುತ್ತದೆ. ನೇರವಾಗಿ ನಿಂತ ನಾರಿನಂಥ ಎಳೆಗಳುಳ್ಳ ದಪ್ಪ ಚೂರುಗಳು ಕಂಡರೆ ಅವು ಐನೊಸೆರಾಮಸ್ ಎಂಬ, ಈಗ ಅಳಿದುಹೋಗಿರುವ ಇಬ್ಬದಿಯ ಚಿಪ್ಪಿನ ಪ್ರಾಣಿಯವು.

ಮತ್ತೂ ಪೂರ್ವಕ್ಕೆ ಕಲ್ಲಮೇಡು. ಕಡಲು ಹಿಂದೆ ಸರಿದು ನದಿಗಳು ಮರಳು ಹಾಸಿದ ಈ ಪದರಗಳಲ್ಲಿ ಡೈನೊಸಾರ್‌ಗಳ ಎಲುಬುಗಳು ಸಿಕ್ಕಿವೆ, ಕೂರ್ಮಡೆಮಿಸ್ ಎಂಬ ಆಮೆಯೂ ಸಿಕ್ಕಿದೆ. 1987ರಲ್ಲಿ ಭೂವಿಜ್ಞಾನಿಗಳಾದ ಯಾದಗಿರಿ ಮತ್ತು ಅಯ್ಯಸಾಮಿ ಇಲ್ಲಿಯ ದೈತ್ಯ ಎಲುಬುಗಳಿಗೆ ಬೃಹತ್‌ಕಾಯೋಸಾರಸ್ ಎಂದು ಹೆಸರಿಟ್ಟರು. ಮೊದಲು ಮಾಂಸಾಹಾರಿಯೆಂದು ಬಗೆದ ಅದನ್ನು ಬಳಿಕ ಉದ್ದಕೊರಳಿನ ಸಸ್ಯಾಹಾರಿಯೆಂದು ತಿದ್ದಲಾಯಿತು. ಮರದ ಬೊಡ್ಡೆಯಿರಬಹುದೆಂದು ಅನುಮಾನಿಸಿದವರೂ ಇದ್ದರು. ಎಲುಬುಗಳೇ ಪುಡಿಯಾಗಿ ಹೋಗಿದ್ದರಿಂದ ವಾದ ಮುಗಿಯಲಿಲ್ಲ, 2022ರಲ್ಲಿ ಹಳೆಯ ಫೋಟೊಗಳು ಪ್ರಕಟವಾದ ಮೇಲೆ ಎಲುಬೆಂಬ ವಾದಕ್ಕೆ ಬಲ ಬಂದಿತು. ಆದ್ದರಿಂದ ಎಲುಬಿನಂಥದ್ದು ಕಂಡರೆ ಎತ್ತಬಾರದು. ಮುರಿದ ಅಂಚಿನಲ್ಲಿ ಸ್ಪಂಜಿನಂಥ ಸಣ್ಣ ರಂಧ್ರಗಳಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ಅಳತೆಪಟ್ಟಿಯಿಟ್ಟು ಹತ್ತಿರದಿಂದಲೂ ದೂರದಿಂದಲೂ ಫೋಟೊ ತೆಗೆದು, ಮೊಬೈಲ್‌ನಲ್ಲಿ ಸ್ಥಳದ ಅಕ್ಷಾಂಶ ರೇಖಾಂಶ ಗುರುತಿಸಿ, ಪದರದ ಬಣ್ಣ ಮತ್ತು ಕಣಗಳ ಗಾತ್ರ ಬರೆದುಕೊಂಡು ಭೂವೈಜ್ಞಾನಿಕ ಸರ್ವೇಕ್ಷಣಾಲಯಕ್ಕೆ ತಿಳಿಸಬೇಕು. ಗುರುತಿಸಿದ್ದನ್ನು ಹೋಲಿಸಿ ನೋಡಲು ಅರಿಯಲೂರಿನ ಹತ್ತಿರ ವಾರಣವಾಸಿಯಲ್ಲಿ ಪಳೆಯುಳಿಕೆಗಳ ವಸ್ತುಸಂಗ್ರಹಾಲಯವಿದೆ.

ಸಮಯ ಉಳಿದರೆ ಸೆಂದುರೈ ಕಡೆಗೆ ಸಾಗಿ ನಿನಿಯೂರಿನ ಸುಣ್ಣಕಲ್ಲನ್ನು ನೋಡಬಹುದು. ಅದು 6.6 ಕೋಟಿ ವರ್ಷಗಳ ಹಿಂದೆ ಕ್ರಿಟೇಶಿಯಸ್ ಯುಗವನ್ನು ಕೊನೆಗೊಳಿಸಿ ಅಮೊನೈಟ್‌ಗಳನ್ನು ಅಳಿಸಿಹಾಕಿದ ಮಹಾವಿನಾಶದ ನಂತರ ಕೂಡಿದ ಪದರ. ಅಲ್ಲಿ ಸುರುಳಿ ಚಿಪ್ಪು ಸಿಕ್ಕಿದರೆ ಕೋಣೆಗೋಡೆಯ ಗೆರೆಯನ್ನು ಮೊದಲು ಪರೀಕ್ಷಿಸಬೇಕು: ಗೆರೆ ಕವಲೊಡೆಯದೆ ಸರಳವಾಗಿ ಬಳುಕಿದ್ದರೆ ಅದು ವಿನಾಶವನ್ನು ದಾಟಿ ಉಳಿದ ನಾಟಿಲಸ್ ಬಳಗದ್ದು. ಜರೀ ಎಲೆಯಂತೆ ಕವಲೊಡೆದಿದ್ದರೆ ಅದು ಅಮೊನೈಟ್, ಅಂದರೆ ನೀವು ನಿಂತಿರುವುದು ಇನ್ನೂ ಕ್ರಿಟೇಶಿಯಸ್ ಪದರದ ಮೇಲೆಯೇ. ದಿಕ್ಸೂಚಿ ತೆಗೆದು ಇನ್ನಷ್ಟು ಪೂರ್ವಕ್ಕೆ ನಡೆಯಬೇಕು.