80 ನಿಮಿಷದ ಸಿಡಿಗೆ 82 ನಿಮಿಷದ ವಿಡಿಯೊ: ಓವರ್‌ಬರ್ನ್ ಮಾಡುವ ಕ್ರಮ, ಕೆಟ್ಟ ಸಿಡಿಯ ಆರೈಕೆ

ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ವಿಸಿಡಿಗೆ, ಅಂದರೆ ವಿಡಿಯೊ ಸಿಡಿಗೆ, ಇಳಿಸುವವರಿಗೆ ಆಗಾಗ ಒಂದು ತೊಡಕು ಎದುರಾಗುತ್ತದೆ. ಧಾರೆಯಿಂದ ಊಟದ ಪಂಕ್ತಿಯವರೆಗಿನ ಭಾಗ 81 ನಿಮಿಷ 40 ಸೆಕೆಂಡು ಬಂದಿರುತ್ತದೆ. ಖಾಲಿ ಸಿಡಿಯ ಮೇಲೆ ಮಾತ್ರ 80 ನಿಮಿಷ, 700 ಎಂಬಿ ಎಂದು ಅಚ್ಚಾಗಿರುತ್ತದೆ. ನೂರು ಸೆಕೆಂಡಿಗಾಗಿ ಇನ್ನೊಂದು ಸಿಡಿ ಹಾಕುವ ಬದಲು ಓವರ್‌ಬರ್ನ್ ಮಾಡಿ, ಅಂದರೆ ಅಚ್ಚಾದ ಮಿತಿಗಿಂತ ಸ್ವಲ್ಪ ಹೆಚ್ಚು ಬರೆದು ನೋಡಬಹುದು.

ಮೊದಲು ಎಂಬಿ ಲೆಕ್ಕವನ್ನು ಬದಿಗಿಡಬೇಕು. ಸಾಮಾನ್ಯ ಕಡತಗಳನ್ನು ಬರೆಯುವಾಗ ಸಿಡಿಯ ಪ್ರತಿ ಸೆಕ್ಟರಿನಲ್ಲಿ, ಅಂದರೆ ಬರೆಯುವ ಸಣ್ಣ ತುಣುಕಿನಲ್ಲಿ, 2048 ಬೈಟು ಮಾಹಿತಿ ಹಿಡಿಯುತ್ತದೆ, ಉಳಿದ ಜಾಗವು ದೋಷ ತಿದ್ದುವ ಸಂಕೇತಗಳಿಗೆ ಹೋಗುತ್ತದೆ. ವಿಸಿಡಿಯ ಚಿತ್ರಭಾಗಕ್ಕೆ ಅಷ್ಟು ಕಾವಲು ಇಲ್ಲದ ಕಾರಣ ಅದೇ ಸೆಕ್ಟರಿನಲ್ಲಿ 2324 ಬೈಟು ಕೂರುತ್ತದೆ. ಆದ್ದರಿಂದಲೇ 700 ಎಂಬಿ ಸಿಡಿಯಲ್ಲಿ ಸುಮಾರು 798 ಎಂಬಿಯ ವಿಸಿಡಿ ಚಿತ್ರ ಹಿಡಿಯುತ್ತದೆ. ಸೆಕೆಂಡಿಗೆ 75 ಸೆಕ್ಟರಿನಂತೆ ನಿಮಿಷಗಳನ್ನೇ ಎಣಿಸಿ, ಪ್ರತಿ ಟ್ರ್ಯಾಕಿನ ಮುಂಚೆ ಬರುವ 2 ಸೆಕೆಂಡಿನ ತೆರವನ್ನೂ ಸೇರಿಸಿಕೊಳ್ಳಿ.

ಸಿಡಿಯು ಒಳಸುತ್ತಿನಿಂದ ಹೊರಕ್ಕೆ ಬರೆಸಿಕೊಳ್ಳುತ್ತದೆ. ಚಿತ್ರ ಮುಗಿದ ಮೇಲೆ ಬರುವ ಲೀಡ್‌ಔಟ್ ಎಂಬ ಖಾಲಿ ಪಟ್ಟಿಗೆ ಒಂದೂವರೆ ನಿಮಿಷದಷ್ಟು ಜಾಗ ಮೀಸಲಿರುತ್ತದೆ. ತಯಾರಕರು ಅದರಾಚೆಗೂ ಬರೆಯಬಹುದಾದ ಸ್ವಲ್ಪ ಗೆರೆ ಉಳಿಸಿರಬಹುದು. ಓವರ್‌ಬರ್ನ್ ಎಂದರೆ ಈ ಅಂಚಿನೊಳಕ್ಕೆ ಚಿತ್ರವನ್ನು ಒತ್ತರಿಸುವುದು. ಹೀಗಾಗಿ ಒಂದೆರಡು ನಿಮಿಷಕ್ಕಿಂತ ಹೆಚ್ಚಿನ ಆಸೆ ಬೇಡ. ಡಿವಿಡಿಯಲ್ಲಂತೂ ಅನೇಕ ಡ್ರೈವ್‌ಗಳು ಇದಕ್ಕೆ ಒಪ್ಪುವುದೇ ಇಲ್ಲ. ಅಲ್ಲಿ ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿನ ಚಿತ್ರಕ್ಕೆ ಬಳಸುವ ಮಾಹಿತಿಯ ಪ್ರಮಾಣ, ಇಳಿಸುವುದೇ ಸರಿಯಾದ ದಾರಿ.

ಸಿಡಿ ಬರೆಯುವ ತಂತ್ರಾಂಶವಾದ ನೀರೊದಲ್ಲಿ ಓವರ್‌ಬರ್ನ್ ಆಯ್ಕೆಯನ್ನು ತೆರೆದು ಗರಿಷ್ಠ ಮಿತಿಯನ್ನು 82 ನಿಮಿಷವೆಂದು ತುಂಬಿ, ಬರೆಯುವ ವಿಧಾನವಾಗಿ ಡಿಸ್ಕ್ ಅಟ್ ಒನ್ಸ್ (ಇಡೀ ಸಿಡಿಯನ್ನು ಒಂದೇ ಉಸಿರಿಗೆ ಬರೆಯುವುದು) ಅನ್ನೇ ಆರಿಸಿ. ಲಿನಕ್ಸಿನಲ್ಲಿ ಸಿಡಿ ಬರೆಯುವ ಸಿಡಿರೆಕಾರ್ಡ್‌ನಲ್ಲೂ ಓವರ್‌ಬರ್ನ್ ಎಂಬ ಸ್ವಿಚ್ ಇದೆ. ವೇಗವನ್ನು ಮಧ್ಯಮಕ್ಕೆ ಇಳಿಸಿ. ಸಿಡಿಯ ಹೊರ ಅಂಚನ್ನು ದೀಪಕ್ಕೆ ಹಿಡಿದು ನೋಡಿ, ಬೆರಳಿನ ಗುರುತಿದ್ದರೆ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಏಕೆಂದರೆ ನಾವು ಸೇರಿಸುತ್ತಿರುವ ನಿಮಿಷಗಳು ಕೂರುವುದು ಅಲ್ಲಿಯೇ. ಸಿಡಿಯ ಮೇಲೆ ಏನನ್ನೂ ಬರೆಯದೆ ತಾಲೀಮು ಮಾಡುವ ಪರೀಕ್ಷಾ ಬರಹ ಯಶಸ್ವಿಯಾದರೆ ಡ್ರೈವ್ ಒಪ್ಪಿದೆಯೆಂದಷ್ಟೇ ಅರ್ಥ. ಸಿಡಿಯ ಅಂಚು ಗಟ್ಟಿಯಾಗಿದೆಯೆಂಬ ಭರವಸೆ ಅದರಿಂದ ಸಿಗುವುದಿಲ್ಲ. ಮಾಂಗಲ್ಯಧಾರಣೆಯಂಥ ದೃಶ್ಯ ಎಂದಿಗೂ ಕೊನೆಯ ಎರಡು ನಿಮಿಷಕ್ಕೆ ಬೀಳದಂತೆ ಜೋಡಿಸಿ, ಅಲ್ಲಿ ಹೆಸರುಗಳ ಪಟ್ಟಿಯನ್ನೋ ಚಪ್ಪರದ ದೃಶ್ಯವನ್ನೋ ಇಡಿ.

ಕೊನೆಯಲ್ಲಿ ದೋಷದ ಸಂದೇಶ ಬಂದರೆ ಸಿಡಿಯನ್ನು ಕೂಡಲೇ ಎಸೆಯಬಾರದು. ಡಿಸ್ಕ್ ಅಟ್ ಒನ್ಸ್ ವಿಧಾನದಲ್ಲಿ ಟ್ರ್ಯಾಕುಗಳ ಸೂಚಿಯಿರುವ ಲೀಡ್‌ಇನ್ ಮೊದಲೇ ಬರೆದಾಗಿರುತ್ತದೆ, ಲೀಡ್‌ಔಟ್ ಕೊನೆಗೆ ಬರುತ್ತದೆ. ಅದೊಂದೇ ಅರ್ಧಕ್ಕೆ ನಿಂತಿದ್ದರೆ ಚಿತ್ರ ಪೂರ್ತಿ ಉಳಿದಿರುವ ಸಾಧ್ಯತೆ ಬಹಳ. ನನ್ನದೊಂದು ಸಿಡಿ 98 ಪ್ರತಿಶತದಲ್ಲಿ ನಿಂತಿತ್ತು. ಪ್ಲೇಯರಿಗೆ ಹಾಕಿ ನೋಡಿದಾಗ ಕೊನೆಯ ಅರ್ಧ ನಿಮಿಷವೊಂದನ್ನು ಬಿಟ್ಟು ಎಲ್ಲವೂ ಸರಾಗವಾಗಿ ಓಡಿತು. ಪ್ಲೇಯರ್ ಗುರುತಿಸದಿದ್ದರೆ ಬರೆದ ಡ್ರೈವಿನಲ್ಲಿಯೇ ತೆರೆದು ನೋಡಿ, ಅದೂ ಆಗದಿದ್ದರೆ ಐಸೊಬಸ್ಟರ್‌ನಂಥ ತಂತ್ರಾಂಶದಿಂದ ಚಿತ್ರವನ್ನು ಹೊರತೆಗೆಯಲು ಪ್ರಯತ್ನಿಸಿ. ಆರಂಭದಲ್ಲೇ ಪವರ್ ಕ್ಯಾಲಿಬ್ರೇಷನ್ (ಲೇಸರಿನ ಶಕ್ತಿ ಹೊಂದಿಸುವ) ದೋಷ ಬಂದರೆ ಅದಕ್ಕೂ ಓವರ್‌ಬರ್ನಿಗೂ ಸಂಬಂಧವಿಲ್ಲ. ಬೇರೆ ತಯಾರಿಕೆಯ ಸಿಡಿ ಬಳಸಿ ಅಥವಾ ವೇಗ ಬದಲಿಸಿ.

ಬರೆಯುವಿಕೆ 100 ಪ್ರತಿಶತ ತಲುಪಿದ ಮೇಲೂ ಡ್ರೈವಿನ ದೀಪ ಮಿನುಗುತ್ತಿದ್ದರೆ ಕೆಲವು ನಿಮಿಷ ಕಾಯಬೇಕು, ರೀಸೆಟ್ ಒತ್ತಬಾರದು. ಟ್ರೇ ಹೊರಬರದೇ ಹೋದರೆ ಕಂಪ್ಯೂಟರನ್ನು ಪೂರ್ತಿ ಆರಿಸಿ, ಸಿಡಿಯ ತಿರುಗಾಟ ನಿಂತ ಮೇಲೆ, ಕಾಗದದ ಕ್ಲಿಪ್ಪನ್ನು ನೆಟ್ಟಗೆ ಮಾಡಿ ಮುಂಭಾಗದ ಸಣ್ಣ ತೂತಿನೊಳಗೆ ಮೆಲ್ಲನೆ ಒತ್ತಿ. ಟ್ರೇ ಬೆರಳಿನಷ್ಟು ಹೊರಬಂದಾಗ ಕೈಯಿಂದ ಎಳೆದುಕೊಳ್ಳಬಹುದು. ಕ್ಯಾಸೆಟ್ಟಿನಿಂದ ಇಳಿಸಿದ ಮೂಲ ಕಡತವನ್ನು ಮಾತ್ರ, ಸಿಡಿಯ ಕೊನೆಯ ಎರಡು ನಿಮಿಷಗಳನ್ನು ಮನೆಯ ಪ್ಲೇಯರಿನಲ್ಲಿ ಕಣ್ಣಾರೆ ನೋಡುವವರೆಗೆ ಅಳಿಸಬೇಡಿ.