ಎಕ್ಸೆಲ್ ಸರ್ಟಿಫಿಕೇಟ್ ಮಾಡುವವರಿಗೆ ಒಂದು ಸಲಹೆ

ರೆಸ್ಯೂಮೆಯಲ್ಲಿ "ಎಂಎಸ್ ಆಫೀಸ್ ಗೊತ್ತು" ಅಂತ ಎಲ್ಲರೂ ಬರೆಯುತ್ತಾರೆ. ಅದನ್ನು ತೋರಿಸಿಕೊಡಬೇಕು ಅಂದರೆ ಮೈಕ್ರೋಸಾಫ್ಟ್ ಆಫೀಸ್ ಸ್ಪೆಷಲಿಸ್ಟ್ ಪರೀಕ್ಷೆ ಒಳ್ಳೆಯ ದಾರಿ. ವರ್ಡ್, ಪವರ್‌ಪಾಯಿಂಟ್‌ಗೂ ಇದೆ. ಆದರೆ ಒಂದೇ ಮಾಡುವುದಾದರೆ ಎಕ್ಸೆಲ್ ಆರಿಸಿಕೊಳ್ಳಿ. ಲೆಕ್ಕಪತ್ರ, ಸ್ಟಾಕ್, ಸಂಬಳದ ಪಟ್ಟಿ, ಎಲ್ಲ ಕಡೆ ಬೇಕಾಗುವುದು ಅದೇ ಅಲ್ವಾ?

ಇದು ಉತ್ತರಕ್ಕೆ ಟಿಕ್ ಹಾಕುವ ಪರೀಕ್ಷೆ ಅಲ್ಲ. ಫೈಲ್ ತೆರೆದು ಕೊಡುತ್ತಾರೆ, ಹೇಳಿದ ಕೆಲಸವನ್ನು ಅದರಲ್ಲೇ ಮಾಡಬೇಕು. ಸಮಯ 50 ನಿಮಿಷ. 1000ಕ್ಕೆ 700 ಬಂದರೆ ಪಾಸು. ಹಾಗಾಗಿ ಸುಮ್ನೆ ವಿಡಿಯೋ ನೋಡಿ ಹೋಗಬೇಡಿ, ಕೈ ಓಡುವುದಿಲ್ಲ. ನಾನು ತಯಾರಿ ಮಾಡುವಾಗ ನಿಧಾನವಾಗಿದ್ದು ಫಾರ್ಮುಲಾದಲ್ಲಿ ಅಲ್ಲ. ಪ್ರಿಂಟ್ ಏರಿಯಾ (ಪ್ರಿಂಟ್ ಆಗಬೇಕಾದ ಭಾಗ), ಹೆಸರಿಟ್ಟ ರೇಂಜ್ (ಒಂದು ಹೆಸರು ಕೊಟ್ಟ ಸೆಲ್‌ಗಳು), ಚಾರ್ಟಿನ ಆಲ್ಟ್ ಟೆಕ್ಸ್ಟ್ (ಚಾರ್ಟ್ ಏನೆಂದು ಹೇಳುವ ಬರಹ) ಎಲ್ಲಿದೆ ಅಂತ ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಆಮೇಲೆ ದಿನಾ ಅರ್ಧ ಗಂಟೆ ಗಡಿಯಾರ ಇಟ್ಟುಕೊಂಡು ಒಂದೊಂದೇ ಮೆನು ತೆರೆದು ಮಾಡಿದೆ. ಅದು ತುಂಬಾ ಸಹಾಯ ಮಾಡಿತು.

ಎಕ್ಸೆಲ್ ಪರೀಕ್ಷೆಯಲ್ಲಿ ಅಸೋಸಿಯೇಟ್, ಅದಕ್ಕಿಂತ ಮೇಲಿನ ಎಕ್ಸ್‌ಪರ್ಟ್ ಅಂತ ಎರಡು ಹಂತ ಇವೆ. ಮೊದಲು ಅಸೋಸಿಯೇಟ್ ಮಾಡಿ. ಎಕ್ಸ್‌ಪರ್ಟ್‌ನಲ್ಲಿ ಪಿವಟ್ ಟೇಬಲ್ (ದೊಡ್ಡ ಪಟ್ಟಿಯ ಸಾರಾಂಶ), ಲುಕಪ್ ಫಾರ್ಮುಲಾ (ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ಕೊಡುವುದು), ಮ್ಯಾಕ್ರೋ (ಮತ್ತೆ ಮತ್ತೆ ಮಾಡುವ ಕೆಲಸವನ್ನು ತಾನೇ ಮಾಡಿಸುವುದು) ಬರುತ್ತವೆ, ಆತುರ ಬೇಡ.

ಇನ್ನೊಂದು ಮಾತು. ಬುಕ್ ಮಾಡುವ ಮುಂಚೆ ಪರೀಕ್ಷೆ ಯಾವ ಆವೃತ್ತಿಯದು ಅಂತ ನೋಡಿ, ಅದರಲ್ಲೇ ಅಭ್ಯಾಸ ಮಾಡಿ. ಹಳೆಯದರಲ್ಲಿ ಕಲಿತರೆ ಕೆಲವು ಬಟನ್ ಅಲ್ಲಿ ಸಿಗುವುದೇ ಇಲ್ಲ.

ಸಂದರ್ಶನಕ್ಕೆ ಹೋಗುವಾಗ ಸರ್ಟಿಫಿಕೇಟ್ ಜೊತೆ ನೀವೇ ಮಾಡಿದ ಒಂದು ಶೀಟ್ ಕೂಡ ಇಟ್ಟುಕೊಳ್ಳಿ. "ತೋರಿಸಿ" ಅಂದಾಗ ತಕ್ಷಣ ತೆರೆಯಬಹುದು.