ಕೊಡಗಿನಿಂದ ಅಗ್ರಾನಮಿ ಓದಲು ಹೊರಟವರು ಏನು ಮಾಡಬೇಕು

ನಮ್ಮ ಕೊಡಗಿನ ಪೊನ್ನಂಪೇಟೆಯಲ್ಲಿರುವುದು ಅರಣ್ಯ ಕಾಲೇಜು. ಅಗ್ರಾನಮಿ, ಅಂದರೆ ಬೇಸಾಯಶಾಸ್ತ್ರ ಬೇಕಾದರೆ ಬಿ.ಎಸ್ಸಿ. ಅಗ್ರಿ ಸೇರಿ. ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ), ಶಿವಮೊಗ್ಗ, ಧಾರವಾಡ, ಹಾಸನದಲ್ಲೆಲ್ಲ ಇದೆ. ನಾಲ್ಕು ವರ್ಷದ ಕೋರ್ಸ್. ಅದರಲ್ಲಿ ಮಣ್ಣು, ಕೀಟ, ರೋಗ, ತಳಿ ಎಲ್ಲವನ್ನೂ ಓದಿಸುತ್ತಾರೆ, ಅಗ್ರಾನಮಿಯನ್ನೇ ಆಳವಾಗಿ ಓದುವುದು ಆಮೇಲಿನ ಎರಡು ವರ್ಷದ ಎಂ.ಎಸ್ಸಿ.ಯಲ್ಲಿ. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಡಬೇಡಿ. ಸೀಟು ಸಿಇಟಿ ಮೂಲಕ. ಕೃಷಿಕರ ಕೋಟಾದಲ್ಲಿ ಬೇಕಾದರೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ, ಅಪ್ಪನ ಜಮೀನಿನ ದಾಖಲೆಗಳನ್ನು ಈಗಲೇ ಸರಿ ಮಾಡಿಟ್ಟುಕೊಳ್ಳಿ.

ಕಾಲೇಜು ಶುರುವಾಗುವ ಮೊದಲೇ ಮನೆಯಲ್ಲಿ ಕಲಿಯುವುದು ಜಾಸ್ತಿ ಇದೆ. ನಮ್ಮಲ್ಲಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟಿರುತ್ತಾರೆ, ಅಲ್ವಾ? ಆ ಹಳೇ ಡೈರಿಗಳನ್ನು ತೆಗೆದು, ಒಂದು ಇಂಚಿಗೆ 25.4 ಮಿಲಿಮೀಟರ್‌ನಂತೆ ಬದಲಿಸಿ, ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಯಾವಾಗ ಬಂತು, ಆ ವರ್ಷ ಕಾಫಿ ಎಷ್ಟು ಮೂಟೆ ಆಯಿತು ಅಂತ ಪಕ್ಕಪಕ್ಕ ಬರೆಯಿರಿ. ಬೆಳೆಗೂ ಹವಾಮಾನಕ್ಕೂ ಇರುವ ನಂಟು ನಿಮ್ಮದೇ ತೋಟದ ಅಂಕಿಗಳಲ್ಲಿ ಕಾಣಿಸುತ್ತದೆ.

ಆಮೇಲೆ ಮಣ್ಣು. ಗದ್ದೆ ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು, ಬದು ಮತ್ತು ಗೊಬ್ಬರ ಗುಂಡಿ ಹತ್ತಿರ ಬಿಟ್ಟು, ಬೇರೆ ಬೇರೆ ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂ.ಮೀ. ಆಳ ಅಗೆದು ಗುಂಡಿಯ ಗೋಡೆಯಿಂದ ಮಣ್ಣು ಕೆರೆದುಕೊಳ್ಳಿ. ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಇಟ್ಟುಕೊಳ್ಳುತ್ತಾ ಅರ್ಧ ಕೆಜಿಗೆ ಇಳಿಸಿ ನೆರಳಲ್ಲಿ ಒಣಗಿಸಿ. ಎಲ್ಲಿ ಪರೀಕ್ಷೆ ಮಾಡಿಸುವುದು ಅಂತ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಳೆ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುವುದರಿಂದ ನಮ್ಮ ಕಡೆ ಮಣ್ಣಿನಲ್ಲಿ ಹುಳಿ ಜಾಸ್ತಿ. ಎಷ್ಟು ಸುಣ್ಣ ಹಾಕಬೇಕು ಅನ್ನುವುದನ್ನು ರಿಪೋರ್ಟ್ ನೋಡಿ ಹೇಳಬೇಕೇ ಹೊರತು ಸುಮ್ನೆ ಅಂದಾಜಿನಲ್ಲಿ ಅಲ್ಲ.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಕ್ಲಾಸು ತಪ್ಪಿಸಬೇಡಿ. ಒಂದು ತಳಿ ನಿಜಕ್ಕೂ ಒಳ್ಳೆಯದೋ, ಅಥವಾ ಆ ಮೂಲೆಯ ಮಣ್ಣೇ ಚೆನ್ನಾಗಿತ್ತೋ ಅಂತ ಬೇರ್ಪಡಿಸಿ ಹೇಳಲು ಅದೇ ಬೇಕು. ಕೊನೇ ವರ್ಷ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡುವ ಅವಧಿ ಬರುತ್ತದೆ. ಅದನ್ನು ರಜೆ ಅಂದುಕೊಳ್ಳಬೇಡಿ, ದಯವಿಟ್ಟು.

ಕೆಲಸ? ಕೃಷಿ ಇಲಾಖೆ, ಬೀಜ ಮತ್ತು ಗೊಬ್ಬರದ ಕಂಪನಿಗಳು, ಸಂಶೋಧನೆ. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲೇ ಇದೆ. ಆದರೂ ನನ್ನ ಕೇಳಿದರೆ ಭತ್ತ ಹಿಡಿಯಿರಿ. ಕಾಫಿ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ, ಪಾಳು ಬಿದ್ದ ಗದ್ದೆಯನ್ನು ಕಡಿಮೆ ಕೂಲಿಯಾಳುಗಳಲ್ಲಿ ಮತ್ತೆ ಹೇಗೆ ಬೆಳೆಗೆ ತರುವುದು ಅಂತ ಹೇಳುವವರು ಸಾಲದು.